ಎರಡಾಣೆಯ ಇಡಿಗಂಟು

ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡು ಉಳಿಯುವುದು ಕಷ್ಟ. ಅದು ಅಲ್ಲಿದೆಯೆಂದು ಇಟ್ಟವರಿಗಂತೂ ಗೊತ್ತು, ಮನೆಯವರಿಗೂ ಹೇಗೋ ಗೊತ್ತಾಗಿಬಿಡುತ್ತದೆ. ಮಗುವಿಗೆ ಜ್ವರ ಬಂದರೆ, ಊರಿನಿಂದ ನೆಂಟರು ಬಂದಿಳಿದರೆ, ಗಂಡನ ಜೇಬು ಬರಿದಾದರೆ ಮೊದಲು ತೆರೆಯುವುದು ಅದೇ ಡಬ್ಬಿಯನ್ನು. ಆದರೆ ಅದೇ ಮನೆಯ ದೇವರ ಗೂಡಿನಲ್ಲಿ ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪನ್ನು ಯಾರೂ ಮುಟ್ಟುವುದಿಲ್ಲ. ತಿರುಪತಿಗೋ ಧರ್ಮಸ್ಥಳಕ್ಕೋ ಹರಕೆ ಹೊತ್ತು ಆಗೀಗ ಹಾಕಿದ ನಾಣ್ಯಗಳು ವರ್ಷ ಕಳೆದರೂ ಹಾಗೇ ಇರುತ್ತವೆ. ಅಂದರೆ ಉಳಿಸುವ ಶಕ್ತಿ ಆ ಮನೆಗೆ ಇದ್ದೇ ಇದೆ. ಉಳಿಸಿದ್ದು ತಮ್ಮ ಕೈಗೇ ಸುಲಭವಾಗಿ ಸಿಗದಂತೆ ಇಡುವ ಜಾಗ ಮಾತ್ರ ಇಲ್ಲ.

ಬಡವರಿಗೆ ಮಿತವ್ಯಯದ ಪಾಠ ಹೇಳುವವರು ಈ ಮುಡಿಪಿನ ಗಂಟನ್ನೊಮ್ಮೆ ನೋಡಬೇಕು. ದೇವರಿಗಾಗಿ ಉಳಿಸಬಲ್ಲವರು ತಮಗಾಗಿಯೂ ಉಳಿಸಬಲ್ಲರು. ಅದಕ್ಕೆ ಬೇಕಾದ ವ್ಯವಸ್ಥೆಯನ್ನು ಬ್ಯಾಂಕಿನ ಲೆಕ್ಕದೊಳಗೆ ಮಾಡಿ ತೋರಿಸಿದ ಊರು ಉಡುಪಿ. ಕರ್ನಾಟಕದ ಪೇಟೆಬೀದಿಗಳಲ್ಲಿ ಇವತ್ತಿಗೂ ‘ಪಿಗ್ಮಿ ಕಟ್ಟುವುದು’ ಎಂದು ಜನ ಹೇಳುವುದು ಅದನ್ನೇ.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಆರಂಭಿಸಿದರು. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಉಪೇಂದ್ರರ ತಮ್ಮ ಡಾ. ಟಿ.ಎಂ.ಎ. ಪೈ ವೈದ್ಯರು. ಮೂಲ ಬಂಡವಾಳ 8,000 ರೂಪಾಯಿ. ಆ ಕಾಲದ ದಕ್ಷಿಣ ಕನ್ನಡಕ್ಕೆ ಬ್ಯಾಂಕು ಹೊಸದೇನಲ್ಲ. 1906ರಲ್ಲೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ ಬ್ಯಾಂಕ್, ಉಡುಪಿಯಲ್ಲೇ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದವು. ಈ ಮೂವರ ಸಂಸ್ಥೆಯ ಉದ್ದೇಶ ಸ್ವಲ್ಪ ಬೇರೆ. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದರು. ಅವರಿಗೆ ಆಸರೆಯಾಗಬೇಕೆಂದೇ ಇದು ಶುರುವಾದದ್ದು.

ಸಾಲ ಕೊಡಲು ದುಡ್ಡು ಬೇಕು. ಅದು ಎಲ್ಲಿಂದ ಬರಬೇಕು? ದೊಡ್ಡ ಜಮೀನ್ದಾರರ, ವರ್ತಕರ ಠೇವಣಿಗೆ ಆಗಲೇ ಬೇರೆ ಬ್ಯಾಂಕುಗಳಿದ್ದವು. ಉಳಿದದ್ದು ನೇಕಾರರು, ಮೀನು ಮಾರುವ ಹೆಂಗಸರು, ಹೆಂಚಿನ ಕಾರ್ಖಾನೆಯ ಆಳುಗಳು, ಸಣ್ಣ ಅಂಗಡಿಯವರು. ಇವರಲ್ಲಿ ಯಾರೂ ಬ್ಯಾಂಕಿನ ಮೆಟ್ಟಿಲು ಹತ್ತಿದವರಲ್ಲ. ಹತ್ತಬೇಕೆಂದರೂ ಬ್ಯಾಂಕು ತೆರೆದಿರುವ ಹೊತ್ತಿನಲ್ಲಿ ಅವರು ಕೆಲಸದಲ್ಲಿರುತ್ತಿದ್ದರು. ಒಂದು ದಿನದ ಕೂಲಿ ಬಿಟ್ಟು ಎರಡಾಣೆ ಜಮಾ ಮಾಡಲು ಯಾರು ಬರುತ್ತಾರೆ!

ಹಾಗಾಗಿ 1928ರಲ್ಲಿ ಬ್ಯಾಂಕೇ ಅವರ ಬಾಗಿಲಿಗೆ ಹೊರಟಿತು. ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆದದ್ದೂ ಅದೇ ವರ್ಷ. ಏಜೆಂಟರು ದಿನಾಲೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಕಡಿಮೆ ಮೊತ್ತವನ್ನೂ ಪಡೆದು ಬರೆದುಕೊಂಡು ಬರುವುದು: ಇಷ್ಟೇ ಯೋಜನೆ. ಹದಿನಾರಾಣೆಗೆ ಒಂದು ರೂಪಾಯಿಯ ಕಾಲ. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನ ಕಟ್ಟಿದರೆ 3 ರೂಪಾಯಿ 12 ಆಣೆ. ವರ್ಷಪೂರ್ತಿ ಕಟ್ಟಿದರೆ 45 ರೂಪಾಯಿ 10 ಆಣೆ. ಮೇಲೆ ಬಡ್ಡಿ. ಹನಿಗೂಡಿದರೆ ಹಳ್ಳ ಎಂಬ ಮಾತು ಎಲ್ಲರಿಗೂ ಗೊತ್ತಿತ್ತು, ಹನಿ ಬೀಳುವ ಜಾಗಕ್ಕೇ ಪಾತ್ರೆ ಒಯ್ದು ಹಿಡಿದವರು ಮಾತ್ರ ಇರಲಿಲ್ಲ.

ಕರಾವಳಿಯ ಬದುಕು ಬಲ್ಲವರಿಗೆ ಈ ನಲವತ್ತೈದು ರೂಪಾಯಿಯ ಬೆಲೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ಹೊರಗಿನ ಕೂಲಿಯೂ ಸಿಗುವುದಿಲ್ಲ. ಆಟಿ ತಿಂಗಳೆಂದರೆ ತುಳುನಾಡಿನಲ್ಲಿ ಹಸಿವಿನ ತಿಂಗಳು. ಅದಕ್ಕೆ ಮೊದಲೇ ಅಕ್ಕಿ, ಒಣಮೀನು, ಸೌದೆ ಕೂಡಿಡಬೇಕು, ಮಾಡಿನ ಸೋರುವ ಜಾಗಕ್ಕೆ ಹೊಸ ಹೆಂಚೋ ಮುಳಿಹುಲ್ಲೋ ಹೊದಿಸಬೇಕು. ಎಲ್ಲಕ್ಕೂ ಒಟ್ಟಿಗೆ ಕೈಯಲ್ಲಿ ದುಡ್ಡು ಬೇಕಾಗುವುದು ವೈಶಾಖದ ಕೊನೆಗೆ. ಸಂಪಾದನೆ ಚಿಲ್ಲರೆಯಲ್ಲಿ, ಖರ್ಚು ಇಡಿಗಂಟಿನಲ್ಲಿ. ಬಡ ಮನೆಯ ಲೆಕ್ಕ ತಪ್ಪುವುದು ಬಹುತೇಕ ಇಲ್ಲೇ ಹೊರತು, ಯಾರೋ ದಿನಕ್ಕೊಂದು ಚಹಾ ಹೆಚ್ಚು ಕುಡಿದದ್ದರಿಂದಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಸಂಬಳದವರಿಗೆ ಆ ಮಾತು ಸರಿ; ಹಾಸಿಗೆಯ ಉದ್ದ ತಿಂಗಳ ಮೊದಲ ದಿನವೇ ಗೊತ್ತಿರುತ್ತದೆ. ತಿಂಗಳಿಗೊಂದು ಬಜೆಟ್ ಬರೆದು, ಬಾಡಿಗೆಗಿಷ್ಟು, ದಿನಸಿಗಿಷ್ಟು, ಶಾಲೆಗಿಷ್ಟು ಎಂದು ಬೇರೆ ಬೇರೆ ಕವರಿನಲ್ಲಿ ಎತ್ತಿಡಬಹುದು. ಹೂ ಮಾರುವವಳಿಗೆ, ಆಟೊ ಓಡಿಸುವವನಿಗೆ, ಗಾರೆ ಕೆಲಸದವನಿಗೆ ಆ ಉದ್ದ ದಿನಾ ಬೇರೆ. ಅವರಿಗೆ ತಿಂಗಳ ಬಜೆಟ್ ಎಂಬುದಿಲ್ಲ, ಇರುವುದು ಇವತ್ತಿನ ಬಜೆಟ್. ಪಿಗ್ಮಿ ಹಿಡಿದದ್ದು ಆ ಲಯವನ್ನು. ದುಡ್ಡು ಬಂದ ದಿನವೇ, ಮನೆ ಮುಟ್ಟುವುದರೊಳಗೆ, ಒಂದು ಪಾಲು ಹೊರಟುಹೋಗುತ್ತದೆ. ಉಳಿದದ್ದರಲ್ಲಿ ಅಂದಿನ ಸಂಸಾರ.

ನಮ್ಮೂರಿನ ತರಕಾರಿ ಮಾರ್ಕೆಟ್ಟಿನಲ್ಲಿ ಸಂಜೆ ಇದನ್ನು ಈಗಲೂ ನೋಡಬಹುದು. ಹೆಗಲಿಗೆ ಚರ್ಮದ ಬ್ಯಾಗು, ಕೈಯಲ್ಲಿ ಅಂಗೈಯಗಲದ ಮಷಿನ್ ಹಿಡಿದು ಪಿಗ್ಮಿಯವರು ಬರುತ್ತಾರೆ. ಸೊಪ್ಪಿನ ರಾಶಿಯ ಹಿಂದೆ ಕೂತ ಹೆಂಗಸು ಅವರನ್ನು ಕಂಡದ್ದೇ ಗೋಣಿಯ ಅಂಚು ಎತ್ತಿ, ಮಧ್ಯಾಹ್ನವೇ ಬೇರೆಯಾಗಿ ಮಡಚಿಟ್ಟ ಐವತ್ತರ ನೋಟು ತೆಗೆದು ಕೊಡುತ್ತಾಳೆ. ಕೊತ್ತಂಬರಿಗೆ ಹೊಡೆದ ನೀರು ತಾಗಿ ನೋಟು ಒದ್ದೆಯಾಗಿರುತ್ತದೆ. ಅವರು ಅದನ್ನು ಪ್ಯಾಂಟಿಗೆ ಒತ್ತಿ ಒರೆಸಿ, ಗುಂಡಿ ಒತ್ತಿ, ಸುರುಳಿಯಿಂದ ಹರಿದ ಚೀಟಿ ಕೊಡುತ್ತಾರೆ. ಆಕೆ ಚೀಟಿಯಲ್ಲಿ ನೋಡುವುದು ಕೊನೆಯ ಸಾಲನ್ನು, ಒಟ್ಟು ಎಷ್ಟಾಯಿತು ಎಂಬುದನ್ನು. ಪಕ್ಕದ ನಿಂಬೆಹಣ್ಣಿನವಳು ಕೈಯಾಡಿಸುತ್ತಾಳೆ: “ಇವತ್ತು ಬೋಣಿನೇ ಸರಿ ಆಗಿಲ್ಲಣ್ಣ, ನಾಳೆ ಎರಡೂ ಸೇರಿಸಿ ಕೊಡ್ತೀನಿ.” “ಆಗ್ಲಿ ಬಿಡಕ್ಕ,” ಎಂದು ಅವರು ಮುಂದಿನ ಅಂಗಡಿಗೆ ಹೋಗುತ್ತಾರೆ. ಇಡೀ ವ್ಯವಹಾರ ಒಂದು ನಿಮಿಷದೊಳಗೆ ಮುಗಿಯುತ್ತದೆ.

ಹೀಗೆ ಬಾಗಿಲಿಗೆ ಬಂದು ದುಡ್ಡು ಒಯ್ಯುವವರು ಬೇರೆ ಕಡೆಯೂ ಇದ್ದಾರೆ. ಸ್ಟುವರ್ಟ್ ರುದರ್‌ಫೋರ್ಡ್ ಎಂಬ ಲೇಖಕರು ಬಡವರ ಹಣಕಾಸಿನ ಬಗ್ಗೆ ಬರೆದ ಪುಸ್ತಕದಲ್ಲಿ ವಿಜಯವಾಡದ ಕೊಳೆಗೇರಿಯ ಒಬ್ಬ ಮಹಿಳೆಯನ್ನು ಪರಿಚಯಿಸುತ್ತಾರೆ. ಆಕೆ ಕೊಡುವ ಕಾರ್ಡಿನಲ್ಲಿ 220 ಚೌಕಗಳು. ಚೌಕಕ್ಕೆ 5 ರೂಪಾಯಿಯಂತೆ ಎಲ್ಲ ತುಂಬಿದರೆ 1,100 ಆಯಿತು. ಆಕೆ ಹಿಂದಿರುಗಿಸುವುದು 1,000. ನೂರು ರೂಪಾಯಿ ಆಕೆಯ ಕೂಲಿ. ಉಳಿಸುವವರಿಗೆ ಬಡ್ಡಿ ಬರುವುದಿಲ್ಲ, ಅವರೇ ಕೊಡುತ್ತಾರೆ. ವರ್ಷದ ಲೆಕ್ಕಕ್ಕೆ ಹಾಕಿದರೆ ಸುಮಾರು ಶೇಕಡಾ 30! ಘಾನಾದ ಸುಸು ಸಂಗ್ರಹಕಾರರೂ ತಿಂಗಳಲ್ಲಿ ಒಂದು ದಿನದ ಹಣವನ್ನು ತಮ್ಮ ಕೂಲಿಯಾಗಿ ಇಟ್ಟುಕೊಳ್ಳುತ್ತಾರೆ. ಜನ ದಡ್ಡರಾಗಿ ಇದನ್ನು ಒಪ್ಪುವುದಿಲ್ಲ. ಜೂನ್ ತಿಂಗಳಲ್ಲಿ ಮಕ್ಕಳ ಫೀಸು ಕಟ್ಟಲು ಇಡಿಗಂಟು ಸಿಗದೇಹೋದರೆ ಮೀಟರ್ ಬಡ್ಡಿಯವನ ಬಾಗಿಲು ತಟ್ಟಬೇಕಾಗುತ್ತದೆ, ಅಲ್ಲಿಯ ಲೆಕ್ಕ ಇದಕ್ಕಿಂತ ಎಷ್ಟೋ ಪಾಲು ಕ್ರೂರ. ಈ ಹಿನ್ನೆಲೆಯಲ್ಲಿ ನೋಡಿದಾಗ ಉಡುಪಿಯವರು ಮಾಡಿದ್ದರ ತೂಕ ತಿಳಿಯುತ್ತದೆ. ಅದೇ ಸೇವೆ ಕೊಟ್ಟರು, ಬಡ್ಡಿಯನ್ನೂ ಕೊಟ್ಟರು, ಕಟ್ಟಿದ ಹಣದ ಆಧಾರದ ಮೇಲೆ ಸಾಲವನ್ನೂ ಕೊಟ್ಟರು. ಸಂಗ್ರಹದ ಕಮಿಷನ್ ಬ್ಯಾಂಕಿನ ಖರ್ಚಾಯಿತು.

ಬ್ಯಾಂಕು ಬೆಳೆಯಿತು. 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ಬದಲಾಯಿತು, 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬೇರೆ ಬ್ಯಾಂಕುಗಳು ನಿತ್ಯನಿಧಿ ಮುಂತಾದ ಹೆಸರಿನಲ್ಲಿ ಇದೇ ಮಾದರಿಯನ್ನು ತಂದವು. ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಹೆಸರು ಸಮೇತ ತೆಗೆದುಕೊಂಡವು.

ಈ ಬೆಳವಣಿಗೆಯ ಕತೆಯಲ್ಲಿ ನಡೆದವರ ಪಾಲು ಎಷ್ಟು ಎಂದು ಕೇಳಲೇಬೇಕು. ಪಿಗ್ಮಿ ಏಜೆಂಟರಿಗೆ ಸಂಬಳವಿರಲಿಲ್ಲ, ಕಮಿಷನ್ ಮಾತ್ರ. ನೂರಕ್ಕೆ ಮೂರು ರೂಪಾಯಿ ಎಂದಿಟ್ಟುಕೊಂಡರೂ, ದಿನಕ್ಕೆ ನೂರು ಜನರಿಂದ ತಲಾ ಐವತ್ತು ತಂದವರ ದುಡಿಮೆ 150 ರೂಪಾಯಿ. ನೋಟು ಕಳೆದರೆ, ಲೆಕ್ಕ ತಪ್ಪಿದರೆ ಕೈಯಿಂದ ತುಂಬಬೇಕು. ತಾವು ಬ್ಯಾಂಕಿನ ನೌಕರರೇ ಅಲ್ಲವೇ ಎಂಬ ಅವರ ವ್ಯಾಜ್ಯ 1980ರಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. 1988ರಲ್ಲಿ ಅಲ್ಲಿ ತೀರ್ಪು ಬಂತು. ಬ್ಯಾಂಕುಗಳು ಮೇಲ್ಮನವಿ ಹೋದವು. 2001ರಲ್ಲಿ ಸುಪ್ರೀಂ ಕೋರ್ಟು ಇವರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದು ಹೇಳಿ, ತಿಂಗಳಿಗೆ ಕನಿಷ್ಠ 7,500 ರೂಪಾಯಿ ಸಂಗ್ರಹಿಸುವವರಿಗೆ 750 ರೂಪಾಯಿಯ ಖಾತರಿ ವೇತನ ಮತ್ತು ಗ್ರಾಚ್ಯುಟಿಯನ್ನು ಎತ್ತಿಹಿಡಿಯಿತು. ಇಷ್ಟಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಲಕ್ಷಾಂತರ ಮನೆಗಳಿಗೆ ಉಳಿತಾಯ ಕಲಿಸಿದವರ ವಿಷಯದಲ್ಲಿ ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಆತಂಕ ಈಗಿನದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಸಣ್ಣ ಊರುಗಳಲ್ಲಿ ಪಿಗ್ಮಿ ಸಂಗ್ರಹಿಸುವುದು ಹೆಚ್ಚಾಗಿ ಇಂಥ ಸಂಘಗಳೇ. ಬೋರ್ಡಿನ ಮೇಲಿನ ಹೆಸರು ನೋಡಿ ಎರಡರ ವ್ಯತ್ಯಾಸ ಹೇಳುವುದು ಓದಿದವರಿಗೂ ಕಷ್ಟ. ಸಂಘ ಮುಳುಗಿದರೆ ಸೊಪ್ಪಿನವಳು ಹೋಗಿ ಕೇಳುವುದು ದಿನಾ ಬರುತ್ತಿದ್ದ ಪಿಗ್ಮಿಯವರನ್ನು. ಆಡಳಿತ ಮಂಡಳಿಯವರ ಮುಖವನ್ನು ಆಕೆ ಕಂಡೇ ಇರುವುದಿಲ್ಲ. ದಿನಗೂಲಿಯವರ ಈ ಠೇವಣಿಗೆ ವಿಮೆಯ ರಕ್ಷಣೆ ಕೊಡುವುದು ಸರ್ಕಾರ ತುರ್ತಾಗಿ ಮಾಡಬೇಕಾದ ಕೆಲಸ. ಅದಾಗುವವರೆಗೆ, ಪಿಗ್ಮಿ ಶುರುಮಾಡುವ ಮೊದಲು ‘ಇದು ಬ್ಯಾಂಕೋ ಸಂಘವೋ, ಠೇವಣಿಗೆ ವಿಮೆ ಇದೆಯೋ’ ಎಂದು ಕೇಳಿ ತಿಳಿದುಕೊಳ್ಳಿ. ಅವಧಿಗೆ ಮೊದಲು ಬಿಡಿಸಿದರೆ ಎಷ್ಟು ಮುರಿದುಕೊಳ್ಳುತ್ತಾರೆ ಎಂದೂ ಕೇಳಿ. ಹಲವು ಕಡೆ ಬಡ್ಡಿ ಹೋಗುವುದಲ್ಲದೆ ಕಮಿಷನ್ನೂ ಕಡಿತವಾಗುತ್ತದೆ.

ಈಗ ಎಲ್ಲ ಫೋನಿನಲ್ಲೇ ಆಗುತ್ತದಲ್ಲ, ಈ ನಡೆಯುವವರು ಯಾಕೆ ಎಂದು ಕೇಳುವವರಿದ್ದಾರೆ. ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಆರ್‌ಡಿ ಸಂಬಳದವರಿಗೆ ನಿಜಕ್ಕೂ ಒಳ್ಳೆಯದು. ಆದರೆ ಗೊತ್ತುಪಡಿಸಿದ ತಾರೀಖಿಗೆ ಖಾತೆಯಲ್ಲಿ ಹಣವಿಲ್ಲದಿದ್ದರೆ ಕಂತು ತಪ್ಪುತ್ತದೆ, ದಂಡ ಬೀಳುತ್ತದೆ. ಮಳೆ ಹೊಯ್ದು ಸಂತೆ ನೆರೆಯದ ದಿನ ನಿಂಬೆಹಣ್ಣಿನವಳು “ನಾಳೆ” ಎಂದು ಕೈಯಾಡಿಸಿದರೆ ಪಿಗ್ಮಿಯವರಿಗೆ ಕಾರಣ ಕಾಣಿಸುತ್ತದೆ. ಹಾಗೆ ಬಿಟ್ಟ ದಿನಕ್ಕೆ ಅವರ ಮಷಿನ್ನಿನಲ್ಲಿ ದಂಡದ ಗುಂಡಿ ಇಲ್ಲ.