ಭರತಿಯ ಲೆಕ್ಕ

ಮಾರ್ವೆಯಲ್ಲಿ ಫೆರಿ ಹತ್ತಿ ಖಾಡಿ ದಾಟಿದರೆ ಮನೋರಿ. ಅಲ್ಲಿಂದ ದಂಡೆ ಹಿಡಿದು ಉತ್ತರಕ್ಕೆ ನಡೆದರೆ ಗೊರಾಯಿ. ವಾಪಸು ಬೋಟಿನಲ್ಲಿ ಬೋರಿವಲಿ. ಖರ್ಚು ಕಡಿಮೆ, ಸುಖ ಜಾಸ್ತಿ. ಆದರೆ ಸಮುದ್ರದ ಲೆಕ್ಕ ಗೊತ್ತಿರಬೇಕು.

ಕಳೆದ ವರ್ಷ ಒಂದು ಹುಣ್ಣಿಮೆಯ ದಿನ ಹೋಗಿದ್ದೆವು. 11 ಗಂಟೆಗೆ ಮನೋರಿಯ ಬಂಡೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದಾಗ, ತಿರುಗಿ ನೋಡಿದರೆ ಹಿಂದಿನ ಮರಳೇ ಮಾಯ! ದಡದಿಂದ ಕೋಲಿ ಅಜ್ಜಿಯೊಬ್ಬರು ಕೂಗಿರದಿದ್ದರೆ ಏನಾಗುತ್ತಿತ್ತೋ. ಈಜು ಬಾರದ ತಮ್ಮನ ಕೈಹಿಡಿದು ಸೊಂಟದ ನೀರಿನಲ್ಲಿ ದಡ ಸೇರಿದೆ.

ಆಮೇಲೆ ಅಜ್ಜಿ ಬೈದು, ಲೆಕ್ಕ ಹೇಳಿಕೊಟ್ಟರು. ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಭರತಿಯ ಗಂಟೆ. ಅಷ್ಟಮಿಗೆ 6, ಏಕಾದಶಿಗೆ ಎಂಟೂಕಾಲು, ಹುಣ್ಣಿಮೆ-ಅಮಾವಾಸ್ಯೆಗೆ ಹನ್ನೊಂದೂಕಾಲು, ಕೆಲವೊಮ್ಮೆ 12 ದಾಟಿ. ದಿನಕ್ಕೆರಡು ಭರತಿ, ಪ್ರತಿಯೊಂದಾದ ಸುಮಾರು 6 ತಾಸಿಗೆ ಇಳಿತ. ಚಂದ್ರ ದಿನಾ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನಲ್ಲ, ಭರತಿಯೂ ಅಷ್ಟೇ ತಡ. ಹುಣ್ಣಿಮೆ-ಅಮಾವಾಸ್ಯೆಗೆ ಸೂರ್ಯಚಂದ್ರರ ಸೆಳೆತ ಕೂಡಿ ನೀರು ಹೆಚ್ಚು ಏರುತ್ತದೆ; ಮುಂಬಯಿಯಲ್ಲಿ ನಾಲ್ಕೂವರೆ ಮೀಟರು ದಾಟುವುದೂ ಉಂಟು.

ಇದು ಅಂದಾಜು ಮಾತ್ರ, ಪೇಪರಿನಲ್ಲಿ ಬರುವ ವೇಳೆಯನ್ನೂ ನೋಡಿ ಹೊರಡಿ. ಬ್ಯಾಲೆನ್ಸ್ ಶೀಟು ತಪ್ಪಿದರೆ ಮೇಷ್ಟ್ರು ತಿದ್ದುತ್ತಾರೆ. ಈ ಲೆಕ್ಕ ತಪ್ಪಿದರೆ ಪ್ರತಿಸಲವೂ ಅಜ್ಜಿ ಇರುವುದಿಲ್ಲ.