ಕರುಳಿನ ಪರೀಕ್ಷೆ: ಭಯವೆಷ್ಟು, ಅಪಾಯವೆಷ್ಟು?

"ಸರ್, ನಮ್ಮಪ್ಪಗ ಕೊಲೊನೋಸ್ಕೋಪಿ ಮಾಡಿಸ್ಕೊಳ್ರಿ ಅಂದಾರ್ರಿ ಡಾಕ್ಟ್ರು. ಕರುಳಿಗಿ ತೂತು ಬೀಳ್ತದಂತ ಗಂಜಿನಾಗ ಯಾರೋ ಹೇಳ್ಯಾರ್ರಿ. ಅಪ್ಪ ಒಲ್ಲೆ ಅನ್ಲತ್ತಾರ. ಖರೇನ್ರಿ ಸರ್?"

ಕೇಳಿದವಳು ನನ್ನ ಹತ್ತನೇ ತರಗತಿಯ ವಿದ್ಯಾರ್ಥಿನಿ. ತಂದೆ ಬೀದರಿನ ಗಾಂಧಿ ಗಂಜದಲ್ಲಿ ಹಮಾಲಿ. ಮಲದಲ್ಲಿ ರಕ್ತ ಕಂಡು ತಿಂಗಳುಗಳಾಗಿದ್ದರೂ ಮೂಲವ್ಯಾಧಿಯೆಂದು ಸುಮ್ಮನಿದ್ದವರು. "ಸುಳ್ಳಲ್ಲಮ್ಮ, ಆದರೆ ಪೂರ್ತಿ ಖರೆಯೂ ಅಲ್ಲ" ಎಂದೆ.

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಬೆರಳು ದಪ್ಪದ, ಬಾಗುವ ನಳಿಕೆಯೊಂದನ್ನು ಗುದದ್ವಾರದಿಂದ ಅದರೊಳಗೆ ಸಾಗಿಸಿ ನೋಡುವುದೇ ಈ ಪರೀಕ್ಷೆ. ಬಾಗಿದ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ತೋರಿಸಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಒಬ್ಬರು. ಬೆಳಕಿನ ಪೂರ್ಣ ಆಂತರಿಕ ಪ್ರತಿಫಲನ ಪರೀಕ್ಷೆಯ ಅಂಕಗಳಿಗಷ್ಟೇ ಇರುವ ಪಾಠವಲ್ಲ! 1969ರಲ್ಲಿ ನ್ಯೂಯಾರ್ಕಿನ ವೈದ್ಯರಾದ ವುಲ್ಫ್ ಮತ್ತು ಶಿನ್ಯಾ ಇಂಥ ನಳಿಕೆಯ ಮೂಲಕವೇ, ಹೊಟ್ಟೆ ಕೊಯ್ಯದೆ, ಕರುಳಿನ ಗಂಟನ್ನು ತೆಗೆದರು. ಪಾಲಿಪ್ ಎನ್ನುವ ಇಂಥ ಕೆಲವು ಗಂಟುಗಳು ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗಬಲ್ಲವು.

ಇನ್ನು ತೂತಿನ ಮಾತು. ಕರುಳಿನ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ತಿರುವುಗಳಲ್ಲಿ ಒತ್ತಡ ಬಿದ್ದರೆ ಹರಿಯಬಹುದು. ಬರೀ ನೋಡುವ ಪರೀಕ್ಷೆಯಲ್ಲಿ ಹೀಗಾಗುವುದು ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ದೊಡ್ಡ ಗಂಟು ತೆಗೆಯುವಾಗ, ವಯಸ್ಸಾದವರಲ್ಲಿ, ಕರುಳು ಊದಿಕೊಂಡವರಲ್ಲಿ ಅಪಾಯ ಹೆಚ್ಚು. ಸಣ್ಣ ತೂತನ್ನು ಅಲ್ಲೇ ಕ್ಲಿಪ್ ಹಾಕಿ ಮುಚ್ಚಬಹುದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಗಂಟು ತೆಗೆದ ಗಾಯದಿಂದ ರಕ್ತ ಬರುವುದುಂಟು, ಅದೂ ಕೆಲವರಿಗೆ ಎರಡು ವಾರದೊಳಗೆ ಯಾವಾಗಲಾದರೂ. ಹೈದರಾಬಾದಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಊರಿಗೆ ಮರಳುವ ನಮ್ಮವರು ಇದನ್ನು ಗಮನಿಸಬೇಕು. ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಜ್ವರ, ಗಡ್ಡೆಗಡ್ಡೆಯಾಗಿ ರಕ್ತ, ತಲೆಸುತ್ತು ಕಂಡರೆ ಹತ್ತಿರದ ದವಾಖಾನೆಗೆ ಕೂಡಲೇ ಓಡಬೇಕು. ಗಾಳಿ ತುಂಬಿದ್ದರಿಂದ ಆಗುವ ಉಬ್ಬರ ಮಾತ್ರ ಸಾಮಾನ್ಯ.

ಜನ ನಳಿಕೆಗೆ ಹೆದರುತ್ತಾರೆ. ಅದಕ್ಕೂ ಮುಂಚಿನ ಭೇದಿಯ ಔಷಧಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲೀಟರುಗಟ್ಟಲೆ ಕುಡಿದು ಕರುಳು ತೊಳೆದುಕೊಳ್ಳುವಾಗ ದೇಹದ ನೀರು, ಲವಣ ಇಳಿಯಬಹುದು. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿದ್ದವರು, ಸಕ್ಕರೆ ಕಾಯಿಲೆಯ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ವೈದ್ಯರಿಗೆ ಹೇಳಬೇಕು. ರಕ್ತ ತೆಳುವಾಗಿಸುವ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯ. ಬೇಸರವೆಂದು ಔಷಧಿ ಅರ್ಧ ಕುಡಿದರೆ ಕರುಳು ಸ್ವಚ್ಛವಾಗದೆ, ಇರುವ ಗಂಟೇ ಕಾಣದೆ ಹೋದೀತು.

ಹಿಂದೆ ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತುವನ್ನು ಕುಡಿಸುತ್ತಿದ್ದರು. ಕರುಳಿನ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಹೈಡ್ರೋಜನ್ ಉಂಟುಮಾಡುತ್ತವೆ. ಗಂಟು ಕತ್ತರಿಸುವ ವಿದ್ಯುತ್ ತಂತಿಯ ಕಿಡಿಗೆ ಅದು ಸ್ಫೋಟಿಸಿ ರೋಗಿ ಸತ್ತ ಪ್ರಕರಣ 1979ರಲ್ಲಿ ವರದಿಯಾಯಿತು. ಈಗ ಹೆಚ್ಚಾಗಿ ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಹೀಗೆ ಹುದುಗುವುದಿಲ್ಲ.

ಮಂಪರಿನ ಔಷಧಿಯಿಂದ ಉಸಿರು, ರಕ್ತದೊತ್ತಡ ಇಳಿಯಬಹುದೆಂದು ಯಂತ್ರವಿಟ್ಟು ಗಮನಿಸುತ್ತಾರೆ. ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರು ಬೇಕು.

ಅವಳ ತಂದೆ ಕೊನೆಗೂ ಹೋಗಿಬಂದರು. ಒಂದು ಗಂಟು ಸಿಕ್ಕಿತ್ತು, ತೆಗೆದರು. ಹತ್ತು ದಿನ ಭಾರ ಎತ್ತಬಾರದೆಂದು ಚೀಟಿಯಲ್ಲಿ ಬರೆದಿದ್ದರೂ ನಾಲ್ಕನೇ ದಿನಕ್ಕೇ ತೊಗರಿ ಚೀಲ ಹೊರಲು ಹೊರಟಿದ್ದರಂತೆ. ಮಗಳು ಚೀಟಿ ಹಿಡಿದು ಬಾಗಿಲಿಗೆ ಅಡ್ಡ ನಿಂತಳು.