ಮಕ್ಕಳ ಗೋಣು ತಿರುಚಬೇಡಿ

ಮಗು ಗೋಣು ವಾಲಿಸಿಕೊಂಡೇ ಓಡಾಡುತ್ತಿದ್ದರೆ ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು: ‘ಉಳುಕಿರ್ಬೇಕು, ನೀವಿಸ್ಕೊಂಡು ಬನ್ನಿ.’ ಕಾಲುಳುಕಿನ ಮಾತು ಬೇರೆ. ಮಕ್ಕಳ ಗೋಣನ್ನು ಮಾತ್ರ ಯಾರೂ ತಿರುಚಬಾರದು, ಲಟಿಕೆ ತೆಗೆಯಬಾರದು.

ಬೆನ್ನುಮೂಳೆಯ ಮೊದಲ ಮಣಿ ಅಟ್ಲಾಸ್, ಎರಡನೆಯದು ಆಕ್ಸಿಸ್. ಆಕ್ಸಿಸ್‌ನಿಂದ ಗೂಟದ ಹಾಗೆ ಮೇಲೆದ್ದ ಮೊನೆಯ ಸುತ್ತ ಅಟ್ಲಾಸ್ ತಿರುಗುತ್ತದೆ. ‘ಬೇಡ’ ಎಂದು ತಲೆಯಾಡಿಸುವುದು ಇಲ್ಲಿಂದಲೇ. ಆ ಗೂಟದ ಬೆನ್ನಿಗೇ ಬೆನ್ನುಹುರಿ. ಕೈಕಾಲಿನ ಚಲನೆ, ಉಸಿರಾಟ ಎರಡರ ಆಜ್ಞೆಯೂ ಅದರೊಳಗೇ ಇಳಿಯಬೇಕು. ಗೂಟದ ತುದಿ ಪೂರ್ತಿ ಬೆಸೆದುಕೊಳ್ಳುವುದು ಸುಮಾರು 12 ವರ್ಷಕ್ಕೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಟ್ಟುನಾರುಗಳೂ ಸಡಿಲ.

ಗಂಟಲುನೋವು, ಜ್ವರ ಬಂದುಹೋದ ಮೇಲೆ ಗೋಣು ತಿರುಚಿ ನಿಲ್ಲುವುದೂ ಉಂಟು. ಬೇಗ ತೋರಿಸಿದರೆ ಇಂಥವು ಹೆಚ್ಚಾಗಿ ಆಂಟಿಬಯೋಟಿಕ್ ಮತ್ತು ಕಾಲರ್‌ನಲ್ಲೇ ವಾಸಿಯಾಗುತ್ತವೆ. ನಡೆಯುವಾಗ ಪದೇಪದೇ ಮುಗ್ಗರಿಸುವುದು, ಅಂಗಿ ಗುಂಡಿ ಹಾಕಲು ಬೆರಳು ತಡವರಿಸುವುದು, ತಲೆ ಬಗ್ಗಿಸಿದರೆ ಮೈಯಲ್ಲಿ ಕರೆಂಟ್ ಹೊಡೆದಂತಾಗುವುದು ಬೇರೆಯೇ ಸೂಚನೆ: ಹುರಿಯನ್ನು ಏನೋ ಅದುಮುತ್ತಿರಬಹುದು. ಆಗ ಎಂಆರ್‌ಐ, ಸಿಟಿ ಆಗಲೇಬೇಕು.

ಗೂಟವೇ ಹಿಂದಕ್ಕೆ ಸರಿದು ಹುರಿಯನ್ನು ಒತ್ತುತ್ತಿದ್ದರೆ ಅದನ್ನು ಹಿಂದೆ ಬಾಯಿಯ ಮೂಲಕ ತೆಗೆಯುತ್ತಿದ್ದರು. ಮಗುವಿನ ಬಾಯಿ ಚಿಕ್ಕದು. ಕೆಲವೊಮ್ಮೆ ಕಿರುನಾಲಗೆಯ ಮೇಲಿನ ಮೆತ್ತನೆಯ ಅಂಗಳವನ್ನೇ ಸೀಳಬೇಕಾಗುತ್ತಿತ್ತು. 2005ರಲ್ಲಿ ಅಮೆರಿಕದ ಅಮೀನ್ ಕಸಾಂ ಮತ್ತು ಸಂಗಡಿಗರು ಮೂಗಿನ ಮೂಲಕ ಎಂಡೋಸ್ಕೋಪ್ ಹಾಯಿಸಿ ಗೂಟ ತೆಗೆದದ್ದನ್ನು ವರದಿ ಮಾಡಿದರು. ದೊಡ್ಡವರಿಗೆ ಸಾಮಾನ್ಯವಾಗಿ 4 ಮಿ.ಮೀ. ದಪ್ಪದ ಕೊಳವೆ, ಎಳೆಯರಿಗೆ 2.7 ಮಿ.ಮೀ.ನದೂ ಇದೆ. ಡ್ರಿಲ್‌ನಿಂದ ಗೂಟವನ್ನು ಒಳಗಿನಿಂದ ಕೊರೆದು, ತೆಳು ಚಿಪ್ಪಷ್ಟೇ ಉಳಿಸಿ, ಕೊನೆಗೆ ಚಿಪ್ಪನ್ನು ಹುರಿಯ ಪೊರೆಯಿಂದ ಬಿಡಿಸುತ್ತಾರೆ. ಅಂಗಳ ಉಳಿಯುವುದರಿಂದ ಮಗು ಬೇಗ ಬಾಯಿಂದ ಉಣ್ಣಬಹುದು. ಪೊರೆ ಹರಿದರೆ ಮಿದುಳಿನ ನೀರು ಸೋರಿ ಸೋಂಕು ತಗಲುವ ಭಯವಿದೆ.

ಗಾಯ ಚಿಕ್ಕದೆಂದು ಆಪರೇಷನ್ ಚಿಕ್ಕದಲ್ಲ. ಗೂಟ ತೆಗೆದರೆ ಕೀಲು ಇನ್ನಷ್ಟು ಸಡಿಲವಾಗುವುದರಿಂದ ಹಿಂದಿನಿಂದ ಸ್ಕ್ರೂ ಹಾಕಿ ಬಿಗಿಯುವುದು ಸಾಮಾನ್ಯವಾಗಿ ಬೇಕೇ ಬೇಕು. ಮುಂಬೈನ ಅತುಲ್ ಗೋಯಲ್ 1994ರಲ್ಲಿ ಪ್ರಕಟಿಸಿದ ಸ್ಕ್ರೂ ವಿಧಾನ ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಜಾರಿದ ಮೂಳೆ ಅದರಿಂದಲೇ ಜಾಗಕ್ಕೆ ಬಂದರೆ ಮೂಗಿನ ದಾರಿಯ ಅಗತ್ಯವೇ ಇಲ್ಲ. ಆದ್ದರಿಂದ ‘ಮೂಗಿನಿಂದಲೇ ಮಾಡ್ತೀರಾ’ ಎನ್ನುವುದಕ್ಕಿಂತ ‘ಮೂಳೆ ಜಾಗಕ್ಕೆ ಮರಳುತ್ತಾ’ ಎಂದು ಕೇಳುವುದು ಮೇಲು.

ಇಂಥ ಆಪರೇಷನ್‌ಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ನರಶಸ್ತ್ರ ವಿಭಾಗವೇ ಬೇಕು. ಆದರೆ ಮೊದಲ ಗುರುತು ಸಿಗಬೇಕಾದ್ದು ಇಲ್ಲಿ: ಅಂಗನವಾಡಿ, ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ಆರ್‌ಬಿಎಸ್‌ಕೆ ವೈದ್ಯರ ಮುಂದೆ, ತಾಲ್ಲೂಕು ಆಸ್ಪತ್ರೆಯಲ್ಲಿ, ಹಾಸನದ ಹಿಮ್ಸ್‌ನಲ್ಲಿ.

ಮರದಿಂದ ಬಿದ್ದ ಮಗುವನ್ನು ಎತ್ತಿ ಕೂರಿಸದೆ 108ಕ್ಕೆ ಫೋನ್ ಮಾಡಿ. ವಾಲಿದ ಗೋಣನ್ನು ನೆಟ್ಟಗೆ ಮಾಡಲು ಹೋಗಬೇಡಿ. ಎಳೆಯ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದಾದ್ದರಿಂದ, ಸಾಗಿಸಲು ಚಪ್ಪಟೆ ಹಲಗೆಯ ಮೇಲೆ ಮಲಗಿಸಿದರೆ ಗೋಣು ಮುಂದಕ್ಕೆ ಬಾಗುತ್ತದೆ. ಹಾಗಾಗಿ ಮಲಗಿಸುವ ಮುನ್ನವೇ ಭುಜ ಬರುವ ಜಾಗದಲ್ಲಿ ಮಡಿಸಿದ ಟವೆಲ್ ಹಾಸಬೇಕು, ತಲೆದಿಂಬು ಕೂಡದು.